ಅಡುಗೆಮನೆ ಕಟ್ಟೆಯ ಮೇಲಿನ ಗಣಿತ

ಡಿಗ್ರಿ ಇಲ್ಲದೆ, 48ರ ವಯಸ್ಸಿನಲ್ಲಿ ಗಣಿತ ಹಿಡಿದು ಹೊಸದೇನಾದರೂ ಕಂಡುಹಿಡಿದವರು ಇದ್ದಾರಾ ಅಂತ ಕೇಳಿದ್ದೀರಿ. ಇದ್ದಾರೆ. ಅಮೆರಿಕದ ಸ್ಯಾನ್ ಡಿಯಾಗೋದ ಗೃಹಿಣಿ ಮಾರ್ಜರಿ ರೈಸ್. ಓದಿದ್ದ ಗಣಿತ ಹೈಸ್ಕೂಲಿನದಷ್ಟೇ.

1975ರಲ್ಲಿ, 52ನೇ ವಯಸ್ಸಿನಲ್ಲಿ, ಮನೆಗೆ ಬರುತ್ತಿದ್ದ ಪತ್ರಿಕೆಯಲ್ಲಿ ಮಾರ್ಟಿನ್ ಗಾರ್ಡ್ನರ್ ಬರೆಯುತ್ತಿದ್ದ ಗಣಿತದ ಒಗಟುಗಳ ಅಂಕಣ ಓದಿದರು. ಅದರಲ್ಲಿದ್ದ ಸವಾಲು ಇದು: ಒಂದೇ ಆಕಾರದ ಐದು ಮೂಲೆಯ ಟೈಲ್ಸನ್ನು ಸಂದಿ ಬಿಡದೆ ನೆಲಕ್ಕೆ ಹಾಸಬೇಕು. ಸುಲಭ ಅನಿಸುತ್ತೆ ಅಲ್ವಾ? ಐದೂ ಬದಿ, ಐದೂ ಕೋನ ಸಮ ಇರೋದನ್ನು ತಗೊಳ್ಳಿ. ಒಂದೊಂದು ಮೂಲೆ 108 ಡಿಗ್ರಿ. ಮೂರು ಸೇರಿಸಿದರೆ 324. ಇನ್ನೂ 36 ಡಿಗ್ರಿ ಬಾಯಿ ಬಿಟ್ಟುಕೊಂಡೇ ಇರುತ್ತೆ! ಹಾಗಾಗಿ ಸೊಟ್ಟ ಆಕಾರಗಳನ್ನೇ ಹುಡುಕಬೇಕು.

ಆಕೆ ಅಡುಗೆಮನೆ ಕಟ್ಟೆಯ ಮೇಲೆ ಚಿತ್ರ ಬಿಡಿಸುತ್ತಿದ್ದರು, ಯಾರಾದರೂ ಬಂದರೆ ಮುಚ್ಚಿಡುತ್ತಿದ್ದರು. ಪುಸ್ತಕದ ಚಿಹ್ನೆಗಳು ಗೊತ್ತಿಲ್ಲದ್ದಕ್ಕೆ ತಮ್ಮದೇ ಗುರುತುಗಳನ್ನು ಮಾಡಿಕೊಂಡರು. 1977 ಮುಗಿಯುವಷ್ಟರಲ್ಲಿ ಹೀಗೆ ಹಾಸಬಹುದಾದ ನಾಲ್ಕು ಹೊಸ ಬಗೆಯ ಆಕಾರಗಳು ಸಿಕ್ಕವು. ಯಾವ ಮೂಲೆಯೂ ಒಳಕ್ಕೆ ಬಾಗದಂಥ ಆಕಾರಗಳಲ್ಲಿ ಇವತ್ತಿಗೂ ಒಟ್ಟು ಗೊತ್ತಿರೋದು 15 ಬಗೆ ಮಾತ್ರ.

6174 ಅನ್ನೋ ಸಂಖ್ಯೆಯ ಚಮತ್ಕಾರ ತೋರಿಸಿದ ಕಾಪ್ರೇಕರ್ ಕೂಡ ವೃತ್ತಿಯಿಂದ ಗಣಿತಜ್ಞರಲ್ಲ, ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಸ್ಕೂಲ್ ಮೇಷ್ಟ್ರಾಗಿದ್ದರು. ಅವರ ಕಥೆ ಬೇಕಿದ್ದರೆ ಕೇಳಿ, ಬರೀತೀನಿ. ಅಂದಹಾಗೆ, ನೀವು ಯಾವ ಲೆಕ್ಕ ಹಿಡಿದಿದ್ದೀರಿ?