ಕೈ ಮಸಿಯಾದರೇನೇ ಮೆಕ್ಯಾನಿಕ್ಕಾ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಕಪ್ಪು ಗ್ಲೌಸ್ ಹಾಕಿಕೊಂಡು ಇಂಜಿನ್ ಬಿಚ್ಚುತ್ತಿರುವ ಹುಡುಗರ ಫೋಟೊ ನೋಡಿದೆ. ನಾನು 31 ವರ್ಷದಿಂದ ಬರಿಗೈಯಲ್ಲೇ ಕೆಲಸ ಮಾಡುತ್ತಿದ್ದೇನೆ, ಏನೂ ಆಗಿಲ್ಲ. ಗ್ಲೌಸ್ ಹಾಕಿದರೆ ನಟ್ಟಿನ ಥ್ರೆಡ್ ಬೆರಳಿಗೆ ಸಿಗುವುದಿಲ್ಲ. ಹೆಬ್ಬೆರಳಲ್ಲಿ ಮೂರು ತಿಂಗಳಿಂದ ಒಂದು ಬಿರುಕಿದೆ, ಅದೆಲ್ಲ ಈ ಕಸುಬಿನ ಗುರುತು. ಈಗ ನನ್ನ ಹತ್ತಿರ ಕಲಿಯಲು ಬಂದಿರುವ ಇಬ್ಬರು ಹುಡುಗರು ಗ್ಲೌಸ್ ಇಲ್ಲದೆ ಆಯಿಲ್ ಮುಟ್ಟುವುದಿಲ್ಲ ಅನ್ನುತ್ತಾರೆ. ಇದು ಶೋಕಿಯೋ, ನಿಜಕ್ಕೂ ಬೇಕೋ? ನೇರವಾಗಿ ಹೇಳಿ.

ಸಂಪಾದಕರ ಉತ್ತರ:

ಬೇಕು. ಹುಡುಗರು ಹೇಳುತ್ತಿರುವುದು ಸರಿ. ಆದರೆ ಎಲ್ಲ ಕೆಲಸಕ್ಕೂ ಗ್ಲೌಸ್ ಅಲ್ಲ, ಎಲ್ಲ ಗ್ಲೌಸೂ ಒಂದೇ ಅಲ್ಲ. ಅದನ್ನು ಅವರಿಗೆ ಕಲಿಸಬೇಕಾದವರು ನೀವೇ.

ಮೊದಲು ಆಯಿಲ್ ವಿಷಯ. ಡಬ್ಬಿಯಿಂದ ಸುರಿಯುವ ಹೊಸ ಎಣ್ಣೆಗೂ ಡ್ರೈನ್ ಮಾಡಿದ ಕಪ್ಪು ಎಣ್ಣೆಗೂ ತುಂಬಾ ವ್ಯತ್ಯಾಸವಿದೆ. ಇಂಜಿನ್ ಒಳಗೆ ಓಡಿ ಓಡಿ ಅದಕ್ಕೆ ಉರಿದ ಇಂಧನದ ಮಸಿ ಸೇರುತ್ತದೆ, ಲೋಹದ ಪುಡಿ ಸೇರುತ್ತದೆ, ಪಾಲಿಸೈಕ್ಲಿಕ್ ಆರೋಮ್ಯಾಟಿಕ್ ಹೈಡ್ರೋಕಾರ್ಬನ್ ಅನ್ನುವ ರಾಸಾಯನಿಕಗಳು ಸೇರುತ್ತವೆ. ಇವುಗಳಲ್ಲಿ ಕೆಲವು ಕ್ಯಾನ್ಸರ್ ತರುತ್ತವೆ. ಹಳೇ ಇಂಜಿನ್ ಆಯಿಲನ್ನು ಇಲಿಗಳ ಚರ್ಮಕ್ಕೆ ಮತ್ತೆ ಮತ್ತೆ ಹಚ್ಚಿದ ಪ್ರಯೋಗಗಳಲ್ಲಿ ಗಡ್ಡೆಗಳು ಬೆಳೆದಿವೆ.

‘31 ವರ್ಷ ಏನೂ ಆಗಿಲ್ಲ’ ಅನ್ನುತ್ತೀರಿ. ನನಗೆ ಸಮಾಧಾನವೇ. ಆದರೆ ಈ ಬಗೆಯ ಕಾಯಿಲೆ ಕಾದು ಬರುತ್ತದೆ. 1775ರಲ್ಲಿ ಪರ್ಸಿವಲ್ ಪಾಟ್ ಅನ್ನುವ ಲಂಡನ್ನಿನ ಸರ್ಜನ್, ಚಿಮಣಿ ಗುಡಿಸುವವರ ವೃಷಣದ ಚೀಲದಲ್ಲಿ ಬರುವ ಕ್ಯಾನ್ಸರ್‌ಗೆ ಮಸಿಯೇ ಕಾರಣ ಎಂದು ಬರೆದರು. ಚಿಕ್ಕ ಹುಡುಗರಾಗಿದ್ದಾಗ ಚಿಮಣಿಯೊಳಗೆ ಹತ್ತಿದವರಿಗೆ ಕಾಯಿಲೆ ಕಾಣಿಸುತ್ತಿದ್ದುದು ದೊಡ್ಡವರಾದ ಮೇಲೆ. ಆಮೇಲೆ ಇಂಗ್ಲೆಂಡಿನ ಹತ್ತಿ ಗಿರಣಿಗಳಲ್ಲಿ ನೂಲುವವರಿಗೂ ಅದೇ ಜಾಗದಲ್ಲಿ ಕ್ಯಾನ್ಸರ್ ಬಂತು. ಕದಿರಿಗೆ ಹಾಕುವ ಎಣ್ಣೆ ಚಿಮ್ಮಿ ಅವರ ಪ್ಯಾಂಟು ನೆನೆಯುತ್ತಿತ್ತು, ಅಷ್ಟೇ.

ಇದನ್ನು ಓದಿದ ಮೇಲೆ ನನ್ನ ಕಣ್ಣು ಗ್ಯಾರೇಜಿನಲ್ಲಿ ಮೊದಲು ಹೋಗುವುದು ಪ್ಯಾಂಟಿನ ಜೇಬಿಗೆ. ಆಯಿಲ್ ಒರೆಸಿದ ಬಟ್ಟೆಯನ್ನು ಅಲ್ಲೇ ತುರುಕಿಕೊಳ್ಳುತ್ತೇವೆ ಅಲ್ವಾ? ಇಡೀ ದಿನ ಆ ಜಿಡ್ಡು ಬಟ್ಟೆ ದಾಟಿ ಮೈಗೆ ಇಳಿಯುತ್ತಿರುತ್ತದೆ. ಗ್ಲೌಸ್ ಹಾಕಿಕೊಂಡ ಹುಡುಗರೂ ಈ ತಪ್ಪು ಮಾಡುತ್ತಾರೆ. ದಯವಿಟ್ಟು ಅವರ ಜೇಬನ್ನೂ, ನಿಮ್ಮ ಜೇಬನ್ನೂ ಇವತ್ತೇ ಖಾಲಿ ಮಾಡಿಸಿ.

ಕ್ಯಾನ್ಸರ್ ಎಲ್ಲರಿಗೂ ಬರುವುದಿಲ್ಲ. ಚರ್ಮ ಒಡೆಯುವುದು ಮಾತ್ರ ಬಹಳ ಜನರಿಗೆ. ಚಿಕ್ಕವನಿದ್ದಾಗ ನಾನೂ ಎರಡು ವರ್ಷ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡಿದ್ದೆ. ಸಂಜೆ ಎಲ್ಲರೂ ಒಂದು ತಗಡಿನ ಡಬ್ಬಿಯಲ್ಲಿ ಪೆಟ್ರೋಲ್ ಇಟ್ಟುಕೊಂಡು ಕೈ ತೊಳೆಯುತ್ತಿದ್ದೆವು. ಜಿಡ್ಡು ಚಕ್ಕಂತ ಹೋಗುತ್ತಿತ್ತು. ಜೊತೆಗೆ ಚರ್ಮದ ಸ್ವಂತ ಎಣ್ಣೆಯೂ ಹೋಗುತ್ತಿತ್ತು. ಆರು ತಿಂಗಳಲ್ಲಿ ಬೆರಳ ತುದಿ ಬಿಳಿಚಿ, ಗೀರು ಬಿದ್ದು, ಶರ್ಟಿನ ಗುಂಡಿ ಹಾಕುವಾಗ ನೂಲು ಬಿರುಕಿಗೆ ಸಿಕ್ಕಿಕೊಂಡು ಜೀವ ಹೋಗುತ್ತಿತ್ತು. ಕೈ ಒರಟಾದಷ್ಟೂ ಮೆಕ್ಯಾನಿಕ್ ಪಳಗಿದ ಅಂತ ನಾವೆಲ್ಲ ನಂಬಿದ್ದೆವು. ಆದರೆ ಅಂಥ ಬೆರಳಿಗೆ ಥ್ರೆಡ್ ಎಲ್ಲಿ ಗೊತ್ತಾಗುತ್ತೆ? ನೀವು ಉಳಿಸಿಕೊಳ್ಳಬೇಕು ಅನ್ನುವ ಸ್ಪರ್ಶವನ್ನೇ ಆ ಪೆಟ್ರೋಲ್ ಡಬ್ಬಿ ಕಿತ್ತುಕೊಳ್ಳುತ್ತಿತ್ತು.

ಸ್ಪರ್ಶ ಮುಖ್ಯ ಎಂಬ ನಿಮ್ಮ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಸ್ಪರ್ಶವನ್ನೇ ನಂಬಿಕೊಂಡ ಇನ್ನೊಂದು ಕಸುಬು ಸರ್ಜರಿ. ಅಲ್ಲಿ ರಬ್ಬರ್ ಗ್ಲೌಸ್ ಬಂದ ಕಥೆ ನಿಮಗೆ ಇಷ್ಟವಾಗಬಹುದು. 1889-90ರ ಚಳಿಗಾಲದಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್ ಅವರ ಕೈ, ಶುಚಿ ಮಾಡಲು ಬಳಸುತ್ತಿದ್ದ ಪಾದರಸದ ದ್ರಾವಣದಿಂದ ಸುಲಿದುಹೋಗಿತ್ತು. ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ಅವರಿಗಾಗಿ ತೆಳು ಗ್ಲೌಸ್ ಮಾಡಿಸಿದರು. (ಆ ಮೇಲೆ ಇಬ್ಬರೂ ಮದುವೆಯೂ ಆದರು.) ನೋಡಿ, ಶುರುವಾದದ್ದು ರೋಗಿಗಾಗಿ ಅಲ್ಲ, ಕೆಲಸ ಮಾಡುವವರ ಚರ್ಮಕ್ಕಾಗಿ. ಎಲ್ಲರೂ ಹಾಕಿಕೊಳ್ಳಲು ವರ್ಷಗಳೇ ಹಿಡಿದವು. ಇವತ್ತು ಗ್ಲೌಸ್ ಹಾಕಿಕೊಂಡೇ ಕೂದಲಿನಷ್ಟು ತೆಳು ದಾರದಲ್ಲಿ ಹೊಲಿಗೆ ಹಾಕುತ್ತಾರೆ. ಬೆರಳು ಕಲಿಯುತ್ತದೆ. ಎರಡು ವಾರ ಕೊಡಿ.

ಆಯಿಲ್, ಗ್ರೀಸಿಗೆ ನೈಟ್ರೈಲ್ ಅನ್ನುವ ಕೃತಕ ರಬ್ಬರಿನ ಗ್ಲೌಸೇ ಬೇಕು. ಲ್ಯಾಟೆಕ್ಸ್, ಅಂದರೆ ಮರದ ಹಾಲಿನಿಂದ ಮಾಡಿದ ರಬ್ಬರ್, ಎಣ್ಣೆಗೆ ಉಬ್ಬಿ ಮೆತ್ತಗಾಗುತ್ತದೆ, ಕೆಲವರ ಮೈಗೆ ಒಗ್ಗುವುದೂ ಇಲ್ಲ. ಆಸ್ಪತ್ರೆಯ ತೆಳು ಗ್ಲೌಸಿಗಿಂತ ಸ್ವಲ್ಪ ದಪ್ಪದ್ದು, ಬೆರಳ ತುದಿಯಲ್ಲಿ ತರಿತರಿ ಇರುವುದು ಒಳ್ಳೆಯದು. ಅಳತೆ ಸರಿಯಾಗಿರಲಿ. ಬೆರಳ ತುದಿಯಲ್ಲಿ ಜೋತಾಡುವ ಗ್ಲೌಸ್ ಹಾಕಿಕೊಂಡು ನಟ್ ಹಿಡಿಯಲು ಹೋದರೆ ನೀವು ಹೇಳಿದ ಹಾಗೆಯೇ ಆಗುತ್ತದೆ. ಬ್ರೇಕ್ ಕ್ಲೀನರ್, ಅಸಿಟೋನ್, ಥಿನ್ನರ್ ತೆಳು ನೈಟ್ರೈಲನ್ನು ಬೇಗ ದಾಟುತ್ತವೆ, ಬಿದ್ದ ಕೂಡಲೇ ಬದಲಿಸಬೇಕು. ಹೋಸ್ ಕ್ಲಿಪ್ಪಿನ ಚೂಪು ತುದಿಗೆ ಸಿಕ್ಕಿ ಹರಿದರೂ ಅಷ್ಟೇ. ಹರಿದ ಗ್ಲೌಸ್ ಬರಿಗೈಗಿಂತ ಕೆಟ್ಟದ್ದು. ಒಳಗೆ ಹೋದ ಎಣ್ಣೆ ಬೆವರಿನ ಜೊತೆ ಅಲ್ಲೇ ಕೂತು ಚರ್ಮ ತಿನ್ನುತ್ತದೆ.

ಇನ್ನು ಗ್ಲೌಸ್ ಬಿಚ್ಚಿಡಬೇಕಾದ ಜಾಗ. ಡ್ರಿಲ್ಲಿಂಗ್ ಮೆಷಿನ್, ಲೇಥ್, ತಿರುಗುತ್ತಿರುವ ಬೆಲ್ಟ್ ಹತ್ತಿರ ಗ್ಲೌಸ್ ಬೇಡವೇ ಬೇಡ. ಬಟ್ಟೆಯ, ತೊಗಲಿನ ಗ್ಲೌಸ್ ಒಂದು ಎಳೆ ಸಿಕ್ಕಿಕೊಂಡರೂ ಕೈಯನ್ನೇ ಎಳೆದುಕೊಂಡು ಹೋಗುತ್ತದೆ. ಕಾಮನ್ ರೈಲ್ (ಒಂದೇ ಪೈಪಿನಿಂದ ಎಲ್ಲ ಸಿಲಿಂಡರಿಗೂ ಭಾರೀ ಒತ್ತಡದಲ್ಲಿ ಡೀಸೆಲ್ ಹೋಗುವ) ಇಂಜಿನ್ನಿನಲ್ಲಿ ಲೀಕ್ ಹುಡುಕುವಾಗ ಗ್ಲೌಸ್ ಇದ್ದರೂ ಕೈ ಆಡಿಸಬಾರದು. 1,500 ಬಾರ್ ಮೀರಿದ ಒತ್ತಡ ಅದು. ಕಣ್ಣಿಗೆ ಕಾಣದ ಧಾರೆ ಗ್ಲೌಸನ್ನೂ ಚರ್ಮವನ್ನೂ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಲೆ, ನೋವೂ ಜಾಸ್ತಿ ಇರುವುದಿಲ್ಲ. ಹಾಗಂತ ಸುಮ್ನೆ ಕೂತರೆ ಬೆರಳೇ ಹೋಗಬಹುದು. ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು.

ಎಲೆಕ್ಟ್ರಿಕ್, ಹೈಬ್ರಿಡ್ ಗಾಡಿಗಳಲ್ಲಿ ಹೈ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್ ಬಗ್ಗೆ ಹುಡುಗರು ಕೇಳಿದರೆ, ನೈಟ್ರೈಲ್ ಅಲ್ಲಿ ಲೆಕ್ಕಕ್ಕೇ ಇಲ್ಲ ಅಂತ ಹೇಳಿ. 1,000 ವೋಲ್ಟ್ ತಡೆಯುವ ಕ್ಲಾಸ್ 0 ರಬ್ಬರ್ ಗ್ಲೌಸ್ ಬೇಕು, ಅದರ ಮೇಲೆ ತೊಗಲಿನದ್ದು. ಪ್ರತಿ ಸಲ ಹಾಕುವ ಮುಂಚೆ ಗ್ಲೌಸಿನ ಬಾಯಿಯ ಕಡೆಯಿಂದ ಸುರುಳಿ ಸುತ್ತಿ, ಒಳಗೆ ಗಾಳಿ ಹಿಡಿದು, ಎಲ್ಲಾದರೂ ಸೋರುತ್ತದಾ ಅಂತ ಕೆನ್ನೆಯ ಹತ್ತಿರ ಹಿಡಿದು ನೋಡಬೇಕು.

ಕೊನೆಗೆ ನಿಮ್ಮ ಹೆಬ್ಬೆರಳು. ಮೂರು ತಿಂಗಳಾದರೂ ಕೂಡದ ಬಿರುಕನ್ನು ನಾನು ಕಸುಬಿನ ಗುರುತು ಅಂತ ಒಪ್ಪುವುದಿಲ್ಲ. ಈ ವಾರವೇ ಚರ್ಮದ ಡಾಕ್ಟರಿಗೆ ತೋರಿಸಿ. 31 ವರ್ಷ ಆಯಿಲ್ ಮುಟ್ಟಿದ್ದೀರಿ ಅನ್ನುವುದನ್ನು ಅವರು ಕೇಳದಿದ್ದರೂ ಮೊದಲೇ ಹೇಳಿ. ಏನಂದರು ಅಂತ ನನಗೊಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.