ಬಾಗೇಪಲ್ಲಿಗೆ ಬರುವ ಇಂಗ್ಲಿಷ್ ಮೇಡಂಗೆ

ಆಂಧ್ರದ ಗಡಿಗೆ ಅಂಟಿದ ನಮ್ಮ ಬಾಗೇಪಲ್ಲಿ ತಾಲ್ಲೂಕಿನ ಹೈಸ್ಕೂಲಿಗೆ ಇಂಗ್ಲಿಷ್ ಟೀಚರ್ ಆಗಿ ಬರುತ್ತಿದ್ದೀರಿ, ತುಂಬಾ ಸಂತೋಷ. ನೀವು ತೀರ್ಥಹಳ್ಳಿ ಕಡೆಯವರು. ನಮ್ಮ ಮಾತು ಕಿವಿಗೆ ಹೊಸದು. ‘ಅಲ್ಲಿ ಮಕ್ಕಳಿಗೆ ಕನ್ನಡ ಬರುತ್ತಾ, ಗ್ರಾಮರ್ ಯಾವ ಭಾಷೆಯಲ್ಲಿ ಹೇಳಿಕೊಡಬೇಕು’ ಎಂದು ಕೇಳಿದ್ದೀರಿ. ನಾನು ಹೈವೇಯಿಂದ ಸ್ವಲ್ಪ ಒಳಗಿನ ಹಳ್ಳಿಯವಳು. ಸಂಜೆ ಮನೆಯ ಜಗಲಿಯ ಮೇಲೆ ಎಂಟರಿಂದ ಹತ್ತನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಜಗಲಿಗೆ ನಮ್ಮ ಮಾತಲ್ಲಿ ಅರುಗು ಅಂತಾರೆ. ಅಲ್ಲಿ ಕೂತು ಕಂಡದ್ದನ್ನೇ ಬರೆಯುತ್ತೇನೆ.

ಮಕ್ಕಳಿಗೆ ಕನ್ನಡ ಚೆನ್ನಾಗಿ ಬರುತ್ತೆ. ಆದರೆ ಅದು ಮನೆಯ ಮಾತಲ್ಲ. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ತೆಲುಗು. ಶಾಲೆಯಲ್ಲಿ, ಬಸ್ಸಿನ ಬೋರ್ಡಿನಲ್ಲಿ, ಅರ್ಜಿಯಲ್ಲಿ ಕನ್ನಡ. ಟೌನಿನ ಮಕ್ಕಳಲ್ಲಿ ಕೆಲವರಿಗೆ ಉರ್ದು ಮನೆಮಾತು, ತೆಲುಗು ಬೀದಿಮಾತು. ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಇದೆ, ಆರನೇ ಕ್ಲಾಸಿಗೆ ಹಿಂದಿ ಸೇರುತ್ತೆ. ಹನ್ನೊಂದು ವರ್ಷದ ಮಗುವಿನ ತಲೆಯಲ್ಲಿ ನಾಲ್ಕು ಭಾಷೆ! ಹೊರಗಿನವರು ಇದನ್ನು ನೋಡಿ ಅಯ್ಯೋ ಪಾಪ ಅಂತಾರೆ. ನಾನು ಹಾಗೆ ಅನ್ನಲ್ಲ. ಈ ಮಕ್ಕಳು ದಿನಾ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುತ್ತಾರೆ. ಆ ದಾಟುವ ಅಭ್ಯಾಸವನ್ನೇ ಇಂಗ್ಲಿಷಿಗೆ ಹಚ್ಚಬೇಕು. ನಾವು ಹಚ್ಚುವುದಿಲ್ಲ, ಉರು ಹೊಡೆಸುತ್ತೇವೆ. ಅಲ್ಲಿಂದಲೇ ತೊಂದರೆ ಶುರು.

ನೀವು ಬಂದ ಮೊದಲ ವಾರದಲ್ಲೇ ಒಂದು ಮಾತು ಕೇಳುತ್ತೀರಿ: ‘ಮಿಸ್, ಅಮ್ಮ ಬಂತು.’ ದಯವಿಟ್ಟು ನಗಬೇಡಿ, ಮರ್ಯಾದೆ ಇಲ್ಲ ಎಂದೂ ತಿಳಿಯಬೇಡಿ. ತೆಲುಗಿನಲ್ಲಿ ‘ಅಮ್ಮ ವಚ್ಚಿಂದಿ’, ‘ಬಸ್ಸು ವಚ್ಚಿಂದಿ’. ಅಮ್ಮ ಬಂದರೂ ಬಸ್ಸು ಬಂದರೂ ಕ್ರಿಯಾಪದ ಒಂದೇ. ‘ಬಂದಳು’ ಅನ್ನುವುದಕ್ಕೆ ಬೇರೆ ರೂಪವೇ ಇಲ್ಲ. ಹಾಗಾಗಿ ಮಗು ಕನ್ನಡದಲ್ಲೂ ‘ಬಂತು’ ಅನ್ನುತ್ತೆ. ಅದೇ ಮಗು ತಂಗಿಯ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯುವಾಗ ‘ಶಿ’ ಬಿಟ್ಟು ‘ಇಟ್’ ಬರೆದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕೆಂಪು ಪೆನ್ನಲ್ಲಿ ಸುಮ್ನೆ ಹೊಡೆದುಹಾಕಿದರೆ ಮಗುವಿಗೆ ಏನೂ ತಿಳಿಯಲ್ಲ. ಮೂರು ಭಾಷೆಯ ವಾಕ್ಯವನ್ನು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆಯಿರಿ. ತೆಲುಗಿನಲ್ಲಿ ಕ್ರಿಯಾಪದ ನೋಡಿದರೆ ಅಮ್ಮನೋ ಬಸ್ಸೋ ಗೊತ್ತಾಗಲ್ಲ, ಕನ್ನಡದಲ್ಲಿ ಗೊತ್ತಾಗುತ್ತೆ, ಇಂಗ್ಲಿಷಿನಲ್ಲಿ ‘ಕೇಮ್’ ಎಲ್ಲರಿಗೂ ಒಂದೇ, ಆದರೆ ಮುಂದೆ ‘ಹಿ’, ‘ಶಿ’, ‘ಇಟ್’ ಸರಿಯಾಗಿರಬೇಕು. ಮಕ್ಕಳು ಇದನ್ನು ಕಣ್ಣಲ್ಲಿ ನೋಡಿದ ಮೇಲೆ ತಪ್ಪು ಬೇಗ ಕಡಿಮೆಯಾಗುತ್ತೆ.

ಪ್ರಶ್ನೆಪತ್ರಿಕೆಯ ಲೆಕ್ಕ ನಿಮಗೆ ಗೊತ್ತೇ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ಎರಡನೇ ಭಾಷೆ ಇಂಗ್ಲಿಷಿಗೆ 100 ಅಂಕ, ಅದರಲ್ಲಿ ಬರೆಯುವುದು 80, ಆಂತರಿಕ 20. ಒಂದೊಂದು ಅಂಕದ ಪ್ರಶ್ನೆಗಳಲ್ಲಿ ಸಿಲಬಲ್ ಎಣಿಸುವುದು, ಅಂದರೆ ಪದ ಹೇಳುವಾಗ ಎಷ್ಟು ಮಿಡಿತ ಎಂದು ಎಣಿಸುವುದು, ಬರುತ್ತೆ. ಸುಲಭ ಅಲ್ವಾ ಅನಿಸುತ್ತೆ. ನಮ್ಮ ಮಕ್ಕಳು ಅಲ್ಲೇ ಅಂಕ ಕಳೆದುಕೊಳ್ಳುತ್ತಾರೆ. ಯಾಕೆ ಅಂದರೆ ಕನ್ನಡ, ತೆಲುಗು ಎರಡರಲ್ಲೂ ಮಾತು ಸ್ವರದಲ್ಲಿ ಮುಗಿಯಬೇಕು. ಬಸ್ ನಮಗೆ ಬಸ್ಸು, ಬುಕ್ ನಮಗೆ ಬುಕ್ಕು. ಗದ್ದದ ಕೆಳಗೆ ಅಂಗೈ ಇಟ್ಟು ಹೇಳಿಸಿ ನೋಡಿ. ಇಂಗ್ಲಿಷಿನ ‘ಬಸ್’ಗೆ ಒಂದೇ ಮಿಡಿತ, ‘ಬಸ್ಸು’ ಎಂದಾಗ ಎರಡು. ಮಗು ಎರಡು ಎಂದೇ ಬರೆಯುತ್ತೆ, ತನ್ನ ಬಾಯಿಗೆ ಅದು ಸರಿಯಾಗಿಯೇ ಎಣಿಸಿದೆ. ಕೊನೆಯ ‘ಉ’ ತೆಗೆದು ಹೇಳುವುದನ್ನು ಒಂದು ಆಟದ ತರ ಮಾಡಿಸಿ. ನನ್ನ ಹತ್ತಿರ ಬರುವ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಮನೆಯಲ್ಲಿ ‘ಪೆನ್ನು, ಗ್ಲಾಸು, ಬಲ್ಬು, ಫೋನು’ ಎಂದು ಎಲ್ಲದರ ಬಾಲ ಕತ್ತರಿಸುತ್ತಾ ಓಡಾಡಿದಳಂತೆ. ಆಮೇಲೆ ಅವಳು ಸಿಲಬಲ್ ತಪ್ಪಿದ್ದನ್ನು ನಾನು ನೋಡಿಲ್ಲ.

‘ಎ’ ಮತ್ತು ‘ಆನ್’ ಯಾವಾಗ ಹಾಕಬೇಕು ಎನ್ನುವುದಕ್ಕೆ ನಮ್ಮ ಅಕ್ಷರವೇ ಒಳ್ಳೆಯ ಗುರು. ಇಂಗ್ಲಿಷ್ ಸ್ಪೆಲಿಂಗ್ ನೋಡಿದರೆ ದಾರಿ ತಪ್ಪುತ್ತೆ. ಪದವನ್ನು ಕನ್ನಡದಲ್ಲಿ ಬರೆಸಿ. ಮೊದಲ ಅಕ್ಷರ ಸ್ವರವಾದರೆ ‘ಆನ್’, ವ್ಯಂಜನವಾದರೆ ‘ಎ’. ಅವರ್ ಎಂದು ಬರೆದರೆ ಅ, ಆದ್ದರಿಂದ ಆನ್ ಅವರ್. ಯೂನಿಫಾರ್ಮ್ ಎಂದು ಬರೆದರೆ ಯ, ಆದ್ದರಿಂದ ಎ ಯೂನಿಫಾರ್ಮ್. ಆನ್ ಎಂಎಲ್‌ಎ ಕೂಡ ಹೀಗೇ ಬಗೆಹರಿಯುತ್ತೆ. ಒಂದೇ ಕಡೆ ಎಡವುತ್ತೇವೆ: ಕನ್ನಡದಲ್ಲಿ ನಾವು ‘ಒನ್’ ಎಂದು ಬರೆಯುತ್ತೇವೆ. ತೆಲುಗಿನವರು ಬರೆಯುವ ಹಾಗೆ ‘ವನ್’ ಎಂದು ಬರೆದರೆ ಅದೂ ಸರಿಹೋಗುತ್ತೆ, ಎ ವನ್ ರುಪೀ ಕಾಯಿನ್. ಇದನ್ನು ಹೇಳಿದಾಗ ತೆಲುಗು ಪೇಪರ್ ಓದುವ ಮನೆಯ ಹುಡುಗನ ಮುಖ ಅರಳಿದ್ದು ನನಗೆ ಇನ್ನೂ ನೆನಪಿದೆ. ಕ್ಲಾಸಿನಲ್ಲಿ ತೆಲುಗು ಉಪಯೋಗಕ್ಕೆ ಬಂದದ್ದು ಅವನಿಗೆ ಅದೇ ಮೊದಲು.

ಇದನ್ನು ಬರೆಯುವಾಗ ಸ್ವಲ್ಪ ಹೊಟ್ಟೆ ಉರಿಯುತ್ತೆ. ನಾನು ಓದಿದ ಶಾಲೆಯಲ್ಲಿ ತೆಲುಗು ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಐದನೇ ಕ್ಲಾಸಿನಲ್ಲಿ ಒಂದು ಇಡೀ ಮಧ್ಯಾಹ್ನ ನಿಂತಿದ್ದೇನೆ. ನೀರು ಕುಡಿಯಲು ಹೋಗಲೇ ಎಂದು ತೆಲುಗಿನಲ್ಲಿ ಕೇಳಿದ್ದೆ, ಅಷ್ಟೇ. ಅದರಿಂದ ನನ್ನ ಕನ್ನಡ ಚೆನ್ನಾಗಿ ಆಗಲಿಲ್ಲ. ಗೊತ್ತಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು ಎನ್ನುವುದನ್ನು ಮಾತ್ರ ಕಲಿತೆ. ನಿಮ್ಮ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಅಂಥ ಮುಚ್ಚಿದ ಬಾಯಿಗಳು ಬಹಳ ಇರುತ್ತವೆ.

ಇನ್ನು ಓದಿ ಅರ್ಥ ಮಾಡಿಕೊಳ್ಳುವ ಪ್ರಶ್ನೆ. ಪಠ್ಯದಲ್ಲಿ ಇಲ್ಲದ ಒಂದು ಪ್ಯಾಸೇಜ್ ಕೊಟ್ಟು ಉತ್ತರ ಕೇಳುತ್ತಾರಲ್ಲ, ಮಕ್ಕಳು ಅದಕ್ಕೇ ಜಾಸ್ತಿ ಹೆದರುತ್ತಾರೆ. ಗೊತ್ತಿಲ್ಲದ ಒಂದು ಪದ ಸಿಕ್ಕಿದರೆ ಅಲ್ಲೇ ನಿಂತುಬಿಡುತ್ತಾರೆ. ಹೋದ ವರ್ಷ ಒಬ್ಬ ಹುಡುಗ ಓದುತ್ತಿದ್ದ: ‘ದ ಫಾರ್ಮರ್ ಲೀವ್ಸ್ ದ ಹೌಸ್ ಅರ್ಲಿ.’ ಲೀವ್ಸ್ ಎಂದರೆ ಎಲೆಗಳು ಎಂದು ಅವನಿಗೆ ವಿಜ್ಞಾನದ ಪಾಠದಿಂದ ಗೊತ್ತು. ‘ರೈತ... ಎಲೆಗಳು... ಮನೆ...’ ಎಂದು ಹೇಳಿ ತಲೆ ಕೆಳಗೆ ಹಾಕಿದ.

ನಾನು ಕೇಳಿದೆ, ‘ಪಾಲು ಅಂದ್ರೆ ಏನೋ?’

‘ಹಾಲು, ಮಿಸ್.’ ಒಂದು ಕ್ಷಣ ಬಿಟ್ಟು, ‘ಭಾಗ ಅಂತಾನೂ ಆಗುತ್ತೆ.’

‘ಎರಡರಲ್ಲಿ ಯಾವುದು ಅಂತ ನಿನಗೆ ಹೇಗೆ ಗೊತ್ತಾಗುತ್ತೆ?’

ಅವನಿಗೆ ಆಶ್ಚರ್ಯ, ಇದೂ ಒಂದು ಪ್ರಶ್ನೆಯಾ ಎನ್ನುವ ಹಾಗೆ. ‘ಅಮ್ಮ ಲೋಟ ಹಿಡ್ಕೊಂಡು ಪಾಲು ಅಂದ್ರೆ ಹಾಲು. ಚಿಕ್ಕಪ್ಪ ಹೊಲದ ವಿಷ್ಯಕ್ಕೆ ಪಾಲು ಅಂದ್ರೆ ಭಾಗ.’

‘ಹಾಗಾದ್ರೆ ಇಲ್ಲಿ ಲೀವ್ಸ್ ಮುಂದೆ ಯಾರಿದ್ದಾರೆ, ಹಿಂದೆ ಏನಿದೆ, ನೋಡು.’

ಬೆರಳಿಟ್ಟು ನೋಡಿದ. ರೈತ. ಮನೆ. ಅರ್ಲಿ ಅಂದರೆ ಬೇಗ. ‘ಮನೆ ಬಿಟ್ಟು ಬೇಗ ಹೋಗ್ತಾನೆ!’ ಯಾರೂ ಹೇಳಿಕೊಡಲಿಲ್ಲ, ಅವನೇ ತೆಗೆದ. ಡಿಕ್ಷನರಿ ಮುಟ್ಟಲಿಲ್ಲ. ಪರೀಕ್ಷೆ ಹಾಲಿನಲ್ಲಿ ಡಿಕ್ಷನರಿ ಇರುವುದೂ ಇಲ್ಲವಲ್ಲ.

ಪದಸಂಪತ್ತು ಬೆಳೆಸುವುದಕ್ಕೂ ಇದೇ ಬುದ್ಧಿ ಬೇಕು. ತೆಲುಗಿನ ಪಾಲು ಕನ್ನಡದಲ್ಲಿ ಹಾಲು, ಪುಲಿ ಹುಲಿ, ಪುವ್ವು ಹೂವು, ಪಂಡು ಹಣ್ಣು. ಪ ಇದ್ದ ಕಡೆ ಹ. ಹಾಗೇ ಚೆವಿ ಕಿವಿ, ಚೆರುವು ಕೆರೆ, ಚೆಯ್ಯಿ ಕೈ. ಇದನ್ನು ಮಕ್ಕಳಿಗೆ ಯಾರೂ ಕಲಿಸಿಲ್ಲ, ಆಡುತ್ತಾ ಹಿಡಿದಿದ್ದಾರೆ. ಇಂಗ್ಲಿಷಿನಲ್ಲೂ ಹಾಗೆ ಹಿಡಿಯಲು ಬಿಡಿ. ಹ್ಯಾಪಿ, ಅನ್‌ಹ್ಯಾಪಿ, ಹ್ಯಾಪಿನೆಸ್ ಒಂದು ಮನೆಯವು. ಕೈಂಡ್, ಅನ್‌ಕೈಂಡ್, ಕೈಂಡ್‌ನೆಸ್ ಪಕ್ಕದ ಮನೆಯವು. ನಾನು ಒಂದು ನೋಟ್‌ಬುಕ್ ಮಾಡಿಸುತ್ತೇನೆ. ಎಡಗಡೆ ಇಂಗ್ಲಿಷ್ ಪದ, ಪಕ್ಕದಲ್ಲಿ ಮನೆಯ ತೆಲುಗು ಕನ್ನಡ ಅಕ್ಷರದಲ್ಲಿ, ಆಮೇಲೆ ಕನ್ನಡ, ಕೊನೆಗೆ ಅವರದೇ ಒಂದು ಇಂಗ್ಲಿಷ್ ವಾಕ್ಯ. ವಾಕ್ಯದಲ್ಲಿ ಮನೆಯವರು, ಊರು, ಕುರಿ, ಟೊಮೆಟೊ ಏನಾದರೂ ಇರಲೇಬೇಕು. ದಿನಕ್ಕೆ ಐದು ಪದ ಸಾಕು. ಮೂವತ್ತು ಕೊಟ್ಟರೆ ಬರೀ ನಕಲು ಮಾಡುತ್ತಾರೆ.

ರಿಪೋರ್ಟೆಡ್ ಸ್ಪೀಚ್, ಅಂದರೆ ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ಹೇಳುವುದು, ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ನನಗೆ ಅದರ ಮೇಲೆ ಪ್ರೀತಿ. ನಮ್ಮ ಎರಡೂ ಭಾಷೆಯಲ್ಲಿ ‘ನಾನು ಬರ್ತೀನಿ ಅಂದಳು’ ಎಂದರೆ ಮುಗಿಯಿತು. ಅವಳ ‘ನಾನು’ ಹಾಗೇ ಉಳಿಯುತ್ತೆ. ಇಂಗ್ಲಿಷಿನಲ್ಲಿ ‘ಶಿ ಸೆಡ್ ದಟ್ ಶಿ ವುಡ್ ಕಮ್’ ಆಗಬೇಕು. ನಾನು ಅವಳಾಗಬೇಕು, ಕಾಲ ಹಿಂದಕ್ಕೆ ಹೋಗಬೇಕು. ಗೈಡಿನಲ್ಲಿ ಇದಕ್ಕೆ ಎರಡು ಪುಟ ಟೇಬಲ್ ಇರುತ್ತೆ, ಮಕ್ಕಳು ಅದನ್ನು ಬಾಯಿಪಾಠ ಮಾಡಿ ಮಾರ್ಚ್ ತಿಂಗಳಲ್ಲಿ ಮರೆಯುತ್ತಾರೆ. ಆದರೆ ಇದೇ ಮಕ್ಕಳು ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ ನೋಡಿ. ಡಾಕ್ಟರು ಕನ್ನಡದಲ್ಲಿ ‘ಊಟ ಆದ್ಮೇಲೆ ಮಾತ್ರೆ ತಗೊಳ್ಳಿ’ ಅಂತಾರೆ. ಅವ್ವನಿಗೆ, ಅಂದರೆ ನಮ್ಮಲ್ಲಿ ಅಜ್ಜಿಗೆ, ಕನ್ನಡ ಅಷ್ಟಕ್ಕಷ್ಟೆ. ಪಕ್ಕದಲ್ಲಿ ನಿಂತ ಮೊಮ್ಮಗಳು ತಕ್ಷಣ, ‘ಅನ್ನಂ ತಿನ್ನಾಕ ಮಾತ್ರ ಏಸ್ಕೋಮನ್ನಾರು ಅವ್ವಾ’ ಅಂತಾಳೆ. ‘ತಗೊಳ್ಳಿ’ ಎಂಬ ಅಪ್ಪಣೆ ಅವಳ ಬಾಯಲ್ಲಿ ‘ತಗೊಳ್ಳಬೇಕಂತೆ’ ಆಯಿತು. ‘ದ ಡಾಕ್ಟರ್ ಟೋಲ್ಡ್ ಹರ್ ಟು ಟೇಕ್ ದ ಟ್ಯಾಬ್ಲೆಟ್’ ಇದೇ ಅಲ್ವಾ? ನಾನು ಟೇಬಲ್ ಬಿಟ್ಟು ನಾಟಕ ಮಾಡಿಸುತ್ತೇನೆ. ಒಬ್ಬಳು ಡಾಕ್ಟರು, ಒಬ್ಬಳು ಅವ್ವ, ನಡುವೆ ಒಬ್ಬ. ಒಂದು ದಿನ ತೆಲುಗಿಗೆ ದಾಟಿಸುತ್ತಾನೆ, ಮಾರನೇ ದಿನ ಇಂಗ್ಲಿಷಿಗೆ.

ಪ್ಯಾಸಿವ್ ವಾಯ್ಸ್, ಅಂದರೆ ಕರ್ಮಣಿ ಪ್ರಯೋಗ, ಹೇಳುವಾಗ ಮಾತ್ರ ‘ಹಿಡಿಯಲ್ಪಟ್ಟನು’ ಎಂದು ಅನುವಾದ ಮಾಡಬೇಡಿ, ಹಾಗೆ ಯಾರೂ ಮಾತಾಡಲ್ಲ. ‘ಕಳ್ಳನ್ನ ಹಿಡಿದ್ರು’ ಅಂತೀವಿ, ಯಾರು ಹಿಡಿದರು ಎಂದು ಹೇಳುವುದೇ ಇಲ್ಲ. ‘ದ ಥೀಫ್ ವಾಸ್ ಕಾಟ್’ ಇರುವುದೂ ಅದಕ್ಕೇ. ಅಲ್ಲಿಂದ ಶುರು ಮಾಡಿ.

ಜನವರಿ ಹೊತ್ತಿಗೆ ನಿಮ್ಮ ಕೈಗೂ ಪಾಸಿಂಗ್ ಪ್ಯಾಕೇಜ್ ಬರುತ್ತೆ. ಪತ್ರದ ನಮೂನೆ, ಪ್ರೊಫೈಲ್, ಪದ್ಯದ ಸಾಲು, ಇಷ್ಟು ಬರೆದರೆ ಇಷ್ಟು ಅಂಕ ಎನ್ನುವ ಹಾಳೆಗಳು. ಅದು ಬೇಡ ಅನ್ನಲಾರೆ. ಕೂಲಿಗೆ ಹೋಗುವ ಮನೆಯ ಹುಡುಗಿ ಫೇಲಾದರೆ ಮುಂದಿನ ವರ್ಷವೇ ಮದುವೆ ಮಾತು ಬರುತ್ತೆ. ಹಾಗಾಗಿ ಕೊನೆಯ ಎರಡು ತಿಂಗಳು ಆ ಹಾಳೆ ಅವಳ ಕೈ ಹಿಡಿಯಲಿ. ಆದರೆ ಎಂಟನೇ ಕ್ಲಾಸಿನಿಂದಲೇ ಅದನ್ನೇ ಊಟವಾಗಿ ಬಡಿಸುವುದು ನನಗೆ ಒಪ್ಪಿಗೆ ಇಲ್ಲ. ಪಿಯುಸಿಗೆ ಹೋದ ಮೇಲೆ ಅದೇ ಹುಡುಗಿ ಒಂದು ಪ್ಯಾರಾ ಓದಲಾರದೆ ಕಾಲೇಜು ಬಿಟ್ಟದ್ದನ್ನು ಕಂಡಿದ್ದೇನೆ.

‘ನಮ್ಮ ಮಕ್ಕಳಿಗೆ ಇಂಗ್ಲಿಷ್ ಹತ್ತಲ್ಲ ಮಿಸ್’ ಎಂದು ತಂದೆತಾಯಿ ನಿಮ್ಮ ಹತ್ತಿರವೂ ಹೇಳುತ್ತಾರೆ. ಅವರಿಗೆ ನಾನು ಪಕ್ಕದ ಗೌರಿಬಿದನೂರಿನ ಹೊಸೂರನ್ನು ತೋರಿಸುತ್ತೇನೆ. 1920ರಲ್ಲಿ ಅಲ್ಲಿ ಬಡ ಮನೆಯಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಅಮೆರಿಕಕ್ಕೆ ಹೋಗಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಬಂದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಬಾಗೇಪಲ್ಲಿಯ ನ್ಯಾಷನಲ್ ಕಾಲೇಜನ್ನು ದಿನಾ ನೋಡುವ ಜನಕ್ಕೆ ಆ ಹೆಸರು ಸಾಕು.

ಬರುವ ಮುಂಚೆ ನಾಲ್ಕು ಮಾತು ತೆಲುಗು ಕಲಿತುಕೊಳ್ಳಿ. ‘ಅರ್ಥಮಯಿಂದಾ’ ಅಂದರೆ ಅರ್ಥ ಆಯ್ತಾ. ಅದನ್ನು ಕೇಳಿದರೆ ಇಡೀ ಕ್ಲಾಸು ‘ಆಯ್ತು ಮಿಸ್’ ಎನ್ನುತ್ತೆ, ಆಗದಿದ್ದರೂ ಎನ್ನುತ್ತೆ. ಅದರ ಬದಲು ‘ಏಮರ್ಥಮಯಿಂದಿ’ ಎಂದು ಕೇಳಿ, ಏನು ಅರ್ಥ ಆಯ್ತು ಎಂದು. ಮೊದಲು ಯಾರೂ ಮಾತಾಡಲ್ಲ. ಸ್ವಲ್ಪ ಕಾಯಿರಿ. ಮಧ್ಯದ ಬೆಂಚಿನಿಂದ ಒಂದು ಮಗು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಶುರು ಮಾಡುತ್ತೆ. ಅದನ್ನು ಪೂರ್ತಿ ಮಾಡಲು ಬಿಡಿ. ಇಂಗ್ಲಿಷ್ ಪದಗಳನ್ನು ಆಮೇಲೆ ನೀವು ಒಂದೊಂದಾಗಿ ಸೇರಿಸಬಹುದು.