ಅಟ್ಟದ ಮೇಲೆ 500 ಪ್ರತಿ ಬೇಡ

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ ಒಂದು ರೋಲ್‌ಪ್ಲೇಯಿಂಗ್ ಗೇಮ್ ಬರೆದಿದ್ದೇವೆ. ಮೇಜಿನ ಸುತ್ತ ಕೂತು, ದಾಳ ಹಾಕಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ. ನಿಯಮದ ಪುಸ್ತಕ 64 ಪುಟ. ಅಚ್ಚು ಹಾಕಿಸೋಣವಾ, ಪಿಡಿಎಫ್ ಮಾರಿದರೆ ಸಾಕಾ?
– ಓದುಗರೊಬ್ಬರು, ಉಡುಪಿ

ಉತ್ತರ: ಮೊದಲು ಪಿಡಿಎಫ್. ಹೊಸ ಪುಸ್ತಕದ ವಾಸನೆಯ ಆಸೆ ನನಗೂ ಗೊತ್ತು ಮಾರಾಯ್ರೇ. ಆದರೆ ಪುಟಗಳನ್ನು ಮೊದಲು ಲೋಹದ ಪ್ಲೇಟಿಗೆ ಇಳಿಸಿ ಅಚ್ಚು ಹಾಕುವ ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು 100 ಪ್ರತಿಗೂ ಅಷ್ಟೇ, 500ಕ್ಕೂ ಅಷ್ಟೇ, ಅದಕ್ಕೇ ಪ್ರೆಸ್ಸಿನವರು ಜಾಸ್ತಿ ಹಾಕಿಸಿ ಅನ್ನುತ್ತಾರೆ, ನಾವೂ ಹೂಂ ಅಂದುಬಿಡುತ್ತೇವೆ. ನಾನು ಹಾಗೆ ಹಾಕಿಸಿದ ಪುಸ್ತಕದ ಕಟ್ಟುಗಳು ಮಂಗಳೂರಿನ ಮನೆಯ ಅಟ್ಟದಲ್ಲಿ ಒಂದು ಮಳೆಗಾಲ ಕಳೆದವು. ಆಟಿ ತಿಂಗಳು ಮುಗಿಯುವಾಗ ರಟ್ಟಿನ ಮೇಲೆಲ್ಲ ಬಿಳಿ ಬೂಸ್ಟು.

ಪಿಡಿಎಫ್‌ಗೆ ಅಟ್ಟ ಬೇಡ, ಅಂಚೆ ಖರ್ಚಿಲ್ಲ. ತಪ್ಪು ಸಿಕ್ಕಿದರೆ ತಿದ್ದಿ, ಕೊಂಡವರಿಗೆಲ್ಲ ಹೊಸ ಫೈಲ್ ಕೊಡಬಹುದು. ನಿಯಮದ ತಪ್ಪು ಗೊತ್ತಾಗುವುದೇ ಬೇರೆಯವರು ಆಡಿದ ಮೇಲೆ ಅಲ್ವಾ? ಆಟಗಳನ್ನು ಮಾರುವ ಇಚ್.ಐಒ (itch.io) ಜಾಲತಾಣದಲ್ಲಿ ಮಾರಿದರೆ ಅವರಿಗೆ ಎಷ್ಟು ಪಾಲು ಅಂತ ನೀವೇ ಇಡಬಹುದು. ಇಂಥ ಆಟದ ಪುಸ್ತಕಗಳನ್ನೇ ಮಾರುವ ಡ್ರೈವ್‌ಥ್ರೂಆರ್‌ಪಿಜಿ (DriveThruRPG) ಜಾಲತಾಣದಲ್ಲಿ ಆರ್ಡರ್ ಬಂದಾಗಷ್ಟೇ ಅಚ್ಚು ಹಾಕುವ ವ್ಯವಸ್ಥೆಯೂ ಇದೆ, ಆದರೆ ಅದು ಹೊರದೇಶದ ಅಚ್ಚು, ಇಲ್ಲಿಗೆ ತರಿಸುವ ಖರ್ಚು ನೋಡಿದರೆ ಸಾಕಪ್ಪಾ ಅನ್ನಿಸುತ್ತದೆ.

ಹಾಗಂತ ಅಚ್ಚು ಬೇಡವೇ ಬೇಡ ಅಂತಲ್ಲ. ಆಟದ ನಡುವೆ ಐದು ಜನ ಒಂದೇ ಫೋನ್ ಇಣುಕುವುದು ಕಷ್ಟ, ಪುಸ್ತಕವಾದರೆ ಕೈಯಿಂದ ಕೈಗೆ ಹೋಗುತ್ತದೆ. ಪ್ಲೇಟ್ ಬೇಡದ ಡಿಜಿಟಲ್ ಪ್ರಿಂಟಿನಲ್ಲಿ ಒಂದು 30 ಪ್ರತಿ ಮಾಡಿಸಿ. 64 ಪುಟಕ್ಕೆ ಸೆಂಟರ್ ಪಿನ್ (ಹಾಳೆ ಮಡಚಿ ನಡುವೆ ಪಿನ್ ಹೊಡೆಯುವುದು) ಸಾಕು, ಮೇಜಿನ ಮೇಲೆ ಚಪ್ಪಟೆಯಾಗಿಯೂ ಬಿಚ್ಚಿಕೊಳ್ಳುತ್ತದೆ. ಅವನ್ನು ಮಣಿಪಾಲದ ಹಾಸ್ಟೆಲ್ ಹುಡುಗರ ಕೈಗೆ ಕೊಟ್ಟು ನೋಡಿ, ಮೊದಲ ಪ್ರತಿಯ ಮೇಲೆ ಚಹಾ ಚೆಲ್ಲಿದರೆ ಬೇಜಾರು ಮಾಡಬೇಡಿ.